ಎದುರಾಳಿಯೇ ಕೊಟ್ಟ ಗಡ್ಡೆ

ಇಂಗ್ಲಿಷ್ ಪದ್ಯಪಾಠವನ್ನು ಓದಿದ ನಮ್ಮವರಲ್ಲಿ ಡ್ಯಾಫೊಡಿಲ್ ಎಂಬ ಹೂವಿನ ಹೆಸರನ್ನು ಕೇಳದವರು ವಿರಳ. ಅದನ್ನು ಕಣ್ಣಾರೆ ಕಂಡವರೂ ವಿರಳವೇ. 1802ನೆಯ ಇಸವಿ ಏಪ್ರಿಲ್ 15ರಂದು ವರ್ಡ್ಸ್‌ವರ್ತ್ ಕವಿಯೂ ಅವನ ತಂಗಿ ಡೊರೊತಿಯೂ ಅಲ್ಸ್‌ವಾಟರ್ ಸರೋವರದ ದಡದಲ್ಲಿ ನಡೆದುಹೋಗುತ್ತಿದ್ದಾಗ, ನೀರಿನಂಚಿನಲ್ಲಿ ಸಾಲುಗೊಂಡು ಗಾಳಿಗೆ ತೂಗುತ್ತಿದ್ದ ಕಾಡು ಡ್ಯಾಫೊಡಿಲ್ಲುಗಳನ್ನು ಕಂಡರು. ತಂಗಿ ಅದನ್ನು ದಿನಚರಿಯಲ್ಲಿ ಬರೆದಿಟ್ಟಳು. ಅಣ್ಣನ ಕವಿತೆ 1807ರಲ್ಲಿ ಅಚ್ಚಾಯಿತು. ಅಂದಿನಿಂದ ಈ ಹೂವೆಂದರೆ ಲೆಕ್ಕಕ್ಕೆ ಸಿಗದ ಗುಂಪು, ಯಾರೂ ನೆಡದೆ ತಾನೇ ಅರಳಿದ ಸಂತೋಷ ಎಂಬ ಭಾವನೆ ಲೋಕದಲ್ಲೆಲ್ಲ ನೆಲೆಯೂರಿದೆ.

ಆದರೆ ಅದೇ ಬ್ರಿಟನ್ನಿನಲ್ಲಿ ಅದೇ ಹೂವಿಗೆ ಇನ್ನೊಂದು ಬಾಳೂ ಉಂಟು. ವಸಂತ ಬಂದಿತೆಂದರೆ ಊರೂರಿನ ಸಭಾಂಗಣಗಳಲ್ಲಿ ಉದ್ದನೆಯ ಮೇಜುಗಳನ್ನು ಹಾಕಿ, ಮೇಲೆ ಬಟ್ಟೆ ಹಾಸಿ, ಒಂದೊಂದು ಹೂದಾನಿಯಲ್ಲಿ ಒಂದೊಂದೇ ಕಾಂಡವನ್ನು ನೆಟ್ಟಗೆ ನಿಲ್ಲಿಸುತ್ತಾರೆ. ಕವಿ ಕಂಡದ್ದು ಹತ್ತು ಸಾವಿರ ಹೂಗಳನ್ನಾದರೆ ತೀರ್ಪುಗಾರನು ನೋಡುವುದು ಒಂದನ್ನು. ಆ ಒಂದರ ಆರು ಎಸಳುಗಳಲ್ಲಿ ಯಾವುದಾದರೂ ಒಂದರ ಅಂಚು ಉಗುರಿನಷ್ಟು ಹರಿದಿದ್ದರೂ ಸಾಕು, ಬಹುಮಾನ ಪಕ್ಕದ ಹೂದಾನಿಗೆ ಹೋಗುತ್ತದೆ. ಪಕ್ಕದ ಹೂದಾನಿ ಯಾರದು? ಬಹುಮಟ್ಟಿಗೆ ಗೆಳೆಯನದು. ಗೆಳೆಯನಿಗೆ ಗೆಲುವು ತಂದ ಆ ಹೂವಿನ ಗಡ್ಡೆ ಯಾರದು? ಮೂರು ನಾಲ್ಕು ವರ್ಷಗಳ ಹಿಂದೆ, ಈಗ ಸೋತು ನಿಂತವನೇ ಕಾಗದದ ಚೀಲದಲ್ಲಿ ಹಾಕಿ ಕೊಟ್ಟದ್ದು!

ಇಂತಹ ವಿಚಿತ್ರ ಪಂದ್ಯ ಲೋಕದಲ್ಲಿ ಹೆಚ್ಚಾಗಿ ಇರಲಾರದು. ಸ್ಪರ್ಧೆಯೆಂದರೆ ಮಾತ್ಸರ್ಯದ ಅಕ್ಕನೆಂದೇ ತಿಳಿದಿರುವ ನಮಗೆ ಇದರ ಒಳಹೊರಗನ್ನು ಅರಿಯುವುದು ವಿನೋದವಷ್ಟೇ ಅಲ್ಲ, ಪ್ರಯೋಜನಕರವೂ ಹೌದು.

ಹೂವಿನ ಕುಲಗೋತ್ರ

ಡ್ಯಾಫೊಡಿಲ್ಲಿನ ಶಾಸ್ತ್ರೀಯ ನಾಮ ನಾರ್ಸಿಸಸ್. ಕೊಳದ ನೀರಿನಲ್ಲಿ ಕಂಡ ತನ್ನ ಪ್ರತಿಬಿಂಬಕ್ಕೆ ತಾನೇ ಮರುಳಾಗಿ ಅಲ್ಲಿಯೇ ಸೊರಗಿಹೋದ ಗ್ರೀಕ್ ಪುರಾಣದ ಸುಂದರ ತರುಣನ ಹೆಸರದು. ಸ್ಪೇನ್, ಪೋರ್ಚುಗಲ್, ಉತ್ತರ ಆಫ್ರಿಕಗಳನ್ನೊಳಗೊಂಡ ಮೆಡಿಟರೇನಿಯನ್ ಸೀಮೆ ಅದರ ಮುಖ್ಯ ತವರು. ನೆಲದೊಳಗೆ ಈರುಳ್ಳಿಯನ್ನು ಹೋಲುವ ಗಡ್ಡೆ. ಹೋಲಿಕೆ ಎಷ್ಟೆಂದರೆ, ಅದನ್ನು ಈರುಳ್ಳಿಯೆಂದೇ ಬಗೆದು ಅಡಿಗೆಗೆ ಹಾಕಿ ವಾಂತಿ ಮಾಡಿಕೊಂಡವರುಂಟು, ಏಕೆಂದರೆ ಅದು ವಿಷ. ಚಳಿಗಾಲದಲ್ಲಿ ನೆಲದೊಳಗೆ ತಣ್ಣಗೆ ಮಲಗಿದ್ದು, ಹಿಮ ಕರಗುವ ಹೊತ್ತಿಗೆ ಖಡ್ಗದಂತಹ ಎಲೆಗಳ ನಡುವೆ ಕಾಂಡವೊಂದನ್ನು ಮೇಲಕ್ಕೆ ಕಳುಹಿಸುತ್ತದೆ. ಹೊರಗೆ ಆರು ಎಸಳು, ನಡುವೆ ತುತ್ತೂರಿಯೋ ಬಟ್ಟಲೋ ಎನಿಸುವ ಒಂದು ಕೊಳವೆ: ಹೂವಿನ ರೂಪವೆಂದರೆ ಇಷ್ಟೆ.

ಈ ಹೂವಿಗೆ ಇನ್ನೊಂದು ಗುಣವಿದೆ. ಆಗತಾನೆ ಕತ್ತರಿಸಿದ ಡ್ಯಾಫೊಡಿಲ್ಲನ್ನು ಗುಲಾಬಿಯೊಡನೆಯೋ ಟ್ಯೂಲಿಪ್ಪಿನೊಡನೆಯೋ ಒಂದೇ ಹೂದಾನಿಯಲ್ಲಿಟ್ಟರೆ, ಕಾಂಡದಿಂದ ಒಸರುವ ಲೋಳೆ ನೀರಿಗೆ ಬೆರೆತು ಜೊತೆಯ ಹೂಗಳು ಬೇಗನೆ ಬಾಡುತ್ತವೆ. ಹೆಸರಿನಲ್ಲಿ ಆತ್ಮಮೋಹ, ನಡತೆಯಲ್ಲಿ ಸಹವಾಸದ್ವೇಷ! ಆದರೆ ಇದನ್ನು ಬೆಳೆಸುವವರ ಸ್ವಭಾವ ಮಾತ್ರ ಇದಕ್ಕೆ ತದ್ವಿರುದ್ಧವಾಗಿದೆ.

ಕಾಡಿನ ಕೆಲವು ಹತ್ತು ಜಾತಿಗಳಿಂದ ಮನುಷ್ಯನು ಪರಾಗವನ್ನು ಬೆರೆಸಿ ಬೆರೆಸಿ ಹೊಸ ತಳಿಗಳನ್ನು ಪಡೆದಿದ್ದಾನೆ. ಈ ತಳಿಗಳ ಹೆಸರುಗಳನ್ನು ಜಗತ್ತಿಗೆಲ್ಲ ಒಂದೇ ಪಟ್ಟಿಯಲ್ಲಿ ದಾಖಲಿಸುವ ಹೊಣೆ ಲಂಡನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯದು. 1804ರಲ್ಲಿ ಸ್ಥಾಪಿತವಾದ ಸಂಸ್ಥೆ ಅದು. ಆ ಪಟ್ಟಿಯಲ್ಲಿ ಈಗ 30,000ಕ್ಕೂ ಹೆಚ್ಚು ಹೆಸರುಗಳಿವೆ. ಇವೆಲ್ಲವನ್ನೂ 13 ವರ್ಗಗಳಾಗಿ ವಿಂಗಡಿಸಿದ್ದಾರೆ. ನಡುವಿನ ಕೊಳವೆ ಎಸಳಿನಷ್ಟೇ ಉದ್ದವಾಗಿಯೋ ಅದಕ್ಕಿಂತ ಉದ್ದವಾಗಿಯೋ ಇದ್ದರೆ ಅದು ತುತ್ತೂರಿ, ಮೊದಲನೆಯ ವರ್ಗ. ಎಸಳಿನ ಮೂರನೆಯ ಒಂದು ಪಾಲನ್ನು ಮೀರಿ, ಎಸಳಿಗಿಂತ ಗಿಡ್ಡವಾಗಿದ್ದರೆ ಅದು ದೊಡ್ಡ ಬಟ್ಟಲು, ಎರಡನೆಯದು. ಮೂರನೆಯ ಒಂದು ಪಾಲನ್ನು ಮೀರದಿದ್ದರೆ ಸಣ್ಣ ಬಟ್ಟಲು, ಮೂರನೆಯದು. ಸುತ್ತುಸುತ್ತಾಗಿ ಎಸಳು ತುಂಬಿದವು ನಾಲ್ಕನೆಯ ವರ್ಗ. ಹೀಗೆಯೇ ತಲೆ ಬಾಗಿದವು, ಗೊಂಚಲಾಗಿ ಅರಳುವವು, ಬಟ್ಟಲು ಸೀಳಿದವು ಎಂದು ವರ್ಗಗಳು ಮುಂದುವರಿಯುತ್ತವೆ. ಬಿಳಿ, ಹಸುರು, ಹಳದಿ, ನಸುಗೆಂಪು, ಕಿತ್ತಳೆ, ಕೆಂಪು ಎಂಬ ಆರು ಬಣ್ಣಗಳಿಗೆ ಒಂದೊಂದು ಅಕ್ಷರ. ವರ್ಗದ ಅಂಕಿ, ಎಸಳಿನ ಬಣ್ಣ, ಬಟ್ಟಲಿನ ಬಣ್ಣ, ಇಷ್ಟನ್ನು ಬರೆದರೆ ಬಲ್ಲವನಿಗೆ ಹೂವು ಕಣ್ಣ ಮುಂದೆ ಬಂದು ನಿಲ್ಲುತ್ತದೆ. ನಮ್ಮ ಛಂದಸ್ಸಿನಲ್ಲಿ ಗಣಗಳ ಹೆಸರು ಹೇಳಿದೊಡನೆ ಪದ್ಯದ ನಡಿಗೆ ಕಿವಿಗೆ ಕೇಳಿಸುವಂತೆಯೇ ಸರಿ.

ಮೇಜಿನ ಮೇಲಿನ ಧರ್ಮಶಾಸ್ತ್ರ

ಪ್ರದರ್ಶನದ ಮೇಜಿನ ಮೇಲೆ ಸೌಂದರ್ಯಕ್ಕೆ ಅಂಕಗಳುಂಟು. 1954ರಲ್ಲಿ ಹುಟ್ಟಿದ ಅಮೆರಿಕದ ಡ್ಯಾಫೊಡಿಲ್ ಸಂಘವು ಬಳಸಿಕೊಂಡು ಬಂದ ಕ್ರಮದಂತೆ ಒಟ್ಟು 100 ಅಂಕ. ಹೂವಿನ ಸ್ಥಿತಿಗೆ 20, ಆಕಾರಕ್ಕೆ 20, ಎಸಳಿನ ದಪ್ಪ ನುಣುಪುಗಳಿಗೆ 15, ಬಣ್ಣಕ್ಕೆ 15, ನಿಲುವಿಗೆ 10, ಕಾಂಡಕ್ಕೆ 10, ಗಾತ್ರಕ್ಕೆ 10. ಗಾತ್ರಕ್ಕೆ ಹತ್ತೇ ಅಂಕವೆಂಬುದನ್ನು ವಾಚಕರು ಗಮನಿಸಬೇಕು. ದೊಡ್ಡದೆಲ್ಲ ಒಳ್ಳೆಯದಲ್ಲವೆಂಬ ವಿವೇಕ ಅಲ್ಲಿದೆ. ಎಸಳುಗಳು ಅಗಲವಾಗಿ ಒಂದರ ಮೇಲೊಂದು ಹೊಂದಿಕೊಂಡು ತಟ್ಟೆಯಂತೆ ಸಮವಾಗಿರಬೇಕು; ಅಂಚಿನಲ್ಲಿ ಸೀಳಾಗಲಿ ಮಡಿಕೆಯಾಗಲಿ ಇರಬಾರದು; ತಲೆ ಬಾಗುವುದೇ ಸಹಜಗುಣವಾದ ವರ್ಗಗಳನ್ನು ಬಿಟ್ಟರೆ, ಹೂವು ನೆಲವನ್ನು ನೋಡದೆ ಎದುರಿಗೆ ನಿಂತವನ ಮುಖವನ್ನು ನೋಡಬೇಕು. ಮೂರು ಹೂಗಳನ್ನು ಒಟ್ಟಿಗೆ ಇಡಬೇಕಾದ ತರಗತಿಯಲ್ಲಿ ಮೂರೂ ಒಡಹುಟ್ಟಿದವುಗಳಂತೆ ಒಂದನ್ನೊಂದು ಹೋಲಬೇಕು. ಒಂದು ಅತಿಸುಂದರವಾಗಿ ಉಳಿದೆರಡು ಸಾಧಾರಣವಾಗಿದ್ದರೆ, ಆ ಸೌಂದರ್ಯವೇ ದೋಷವಾಗಿಬಿಡುತ್ತದೆ!

ಇನ್ನು ನಿಯಮಗಳು. ಪ್ರತಿಯೊಂದು ಪ್ರದರ್ಶನಕ್ಕೂ ಮೊದಲೇ ಅಚ್ಚುಮಾಡಿದ ಅನುಸೂಚಿಯೊಂದಿರುತ್ತದೆ. ಮೂರು ಕಾಂಡ ಎಂದಿದ್ದಲ್ಲಿ ನಾಲ್ಕು ಇಟ್ಟರೆ, ಎರಡನೆಯ ವರ್ಗದ ತರಗತಿಯಲ್ಲಿ ಮೂರನೆಯ ವರ್ಗದ ಹೂವನ್ನಿಟ್ಟರೆ, ಅದು ದೇವಲೋಕದಿಂದ ಇಳಿದ ಪುಷ್ಪವಾದರೂ ತೀರ್ಪುಗಾರನು ನೋಡಲಾರ. 'ಅನುಸೂಚಿಗೆ ಅನುಗುಣವಲ್ಲ' ಎಂಬರ್ಥದ ಮೂರು ಇಂಗ್ಲಿಷ್ ಅಕ್ಷರಗಳನ್ನು ಚೀಟಿಯ ಮೇಲೆ ಬರೆದು ಮುಂದಕ್ಕೆ ಹೋಗುತ್ತಾನೆ. ಆ ಮೂರಕ್ಷರಕ್ಕೆ ಹೆದರದ ಸ್ಪರ್ಧಿಯಿಲ್ಲ. ತೀರ್ಪಿನ ವೇಳೆಯಲ್ಲಿ ಸ್ಪರ್ಧಿಗಳೆಲ್ಲ ಹೊರಗೆ ಹೋಗಬೇಕು. ಹೂದಾನಿಯ ಮುಂದಿನ ಹೆಸರಿನ ಚೀಟಿಗಳನ್ನು ಕವುಚಿ ಹಾಕಿರುತ್ತಾರೆ. ಹೂವು ಯಾರದೆಂಬುದು ಬಹುಮಾನ ಬರೆದ ಮೇಲೆಯೇ ತಿಳಿಯಬೇಕು. ಬ್ರಿಟನ್ನಿನಲ್ಲಿ ಮೊದಲನೆಯ ಬಹುಮಾನಕ್ಕೆ ಕೆಂಪು ಚೀಟಿ, ಎರಡನೆಯದಕ್ಕೆ ನೀಲಿ. ಅಮೆರಿಕದಲ್ಲಾದರೋ ನೀಲಿಯೇ ಮೊದಲನೆಯದು. ಹಣದ ಮೊತ್ತ ಹೆಚ್ಚಿನ ಕಡೆಗಳಲ್ಲಿ ಗಡ್ಡೆಯೊಂದರ ಬೆಲೆಗೂ ಸಾಲದು. ಆದರೂ ಆ ಕೆಂಪು ಚೀಟಿಗಾಗಿ ಜನ ವರ್ಷವಿಡೀ ದುಡಿಯುತ್ತಾರೆ.

ಹಿಂದಿನ ರಾತ್ರಿ

ಸ್ಪರ್ಧಿಯ ಮೊದಲನೆಯ ಶತ್ರು ಗೆಳೆಯನಲ್ಲ, ಹವೆ. ಪ್ರದರ್ಶನದ ದಿನಾಂಕವನ್ನು ವರ್ಷದ ಮೊದಲೇ ಗೊತ್ತುಮಾಡಿರುತ್ತಾರೆ. ವಸಂತನಿಗೆ ಆ ಪಂಚಾಂಗ ತಿಳಿಯದು. ಬಿಸಿಲು ಮುಂದಾಗಿ ಬಂದರೆ ಒಳ್ಳೆಯ ಹೂಗಳೆಲ್ಲ ಹದಿನೈದು ದಿನ ಮೊದಲೇ ಅರಳಿ ಮುಗಿದಿರುತ್ತವೆ. ಚಳಿ ಹಿಂದಾಗದಿದ್ದರೆ ಇರುವುದೆಲ್ಲ ಹಸುರು ಮೊಗ್ಗು. ಆದುದರಿಂದ ಮುಂಚೆ ಅರಳಿದವುಗಳನ್ನು ಕತ್ತರಿಸಿ ಶೀತಲ ಪೆಟ್ಟಿಗೆಯಲ್ಲಿಡುವುದು, ಹಿಂದುಳಿದವುಗಳನ್ನು ಬೆಚ್ಚನೆಯ ಕೋಣೆಗೆ ತರುವುದು ನಡೆಯುತ್ತದೆ. ಆ ದಿನಗಳಲ್ಲಿ ಮನೆಯ ರೆಫ್ರಿಜಿರೇಟರಿನಲ್ಲಿ ಹಾಲು ಬೆಣ್ಣೆಗಳಿಗೆ ಜಾಗವಿಲ್ಲವೆಂಬ ಗೃಹಿಣಿಯರ ದೂರು ಈ ಹವ್ಯಾಸದ ಖಾಯಂ ಹಾಸ್ಯ. ಕೆಂಪು ಬಟ್ಟಲಿನ ತಳಿಗಳಲ್ಲಿ ಹಲವಕ್ಕೆ ಬಿಸಿಲು ತಾಗಿದರೆ ಅಂಚು ಸುಟ್ಟಂತಾಗಿ ಬಣ್ಣ ಕೆಡುತ್ತದೆ. ಅವುಗಳಿಗೆ ತೋಟದಲ್ಲಿ ಕೊಡೆ ಹಿಡಿಸುವವರೂ ಉಂಟು. ಮನುಷ್ಯರು ನೆನೆದುಕೊಂಡು ನಿಂತಿರುತ್ತಾರೆ, ಹೂವು ಕೊಡೆಯ ಕೆಳಗೆ!

ಕತ್ತರಿಸಿದ ಹೂಗಳನ್ನು ರಾತ್ರಿಯೆಲ್ಲ ತಂಪಾದ ಕತ್ತಲೆಯಲ್ಲಿ ನೀರಿನಲ್ಲಿ ನಿಲ್ಲಿಸುತ್ತಾರೆ. ಸಭಾಂಗಣಕ್ಕೆ ಬಂದ ಮೇಲೆ ಶೃಂಗಾರ. ಮೃದುವಾದ ಕುಂಚದಿಂದ ಧೂಳನ್ನೂ ಚೆಲ್ಲಿದ ಪರಾಗವನ್ನೂ ಒರೆಸುವುದು. ಮುದುರಿದ ಎಸಳನ್ನು ಬೆರಳಿನ ಕಾವಿನಲ್ಲಿ ಮೆಲ್ಲನೆ ನೀವಿ ಸಮಮಾಡುವುದು. ಆರು ಎಸಳುಗಳಲ್ಲಿ ಹೊರಸುತ್ತಿನ ಒಂದು ನೆಟ್ಟಗೆ ಮೇಲಕ್ಕೆ, ಗಡಿಯಾರದ ಹನ್ನೆರಡರ ಗುರುತಿನಲ್ಲಿ ನಿಲ್ಲುವಂತೆ ಹೂವಿನ ಕತ್ತನ್ನು ತಿರುಗಿಸುವುದು. ಕಾಂಡ ಅಲುಗದಂತೆ ಹೂದಾನಿಯ ಬಾಯಿಗೆ ಹಸಿ ಪಾಚಿಯನ್ನು ತುರುಕಿ, ಹಿಂದೆ ಅದೇ ಗಿಡದ ಎಲೆಗಳನ್ನು ನಿಲ್ಲಿಸುವುದು. ಇರುವುದನ್ನು ಚೆನ್ನಾಗಿ ತೋರಿಸಬಹುದು. ಇಲ್ಲದುದನ್ನು ಅಂಟಿಸಿ ತೋರಿಸಬಾರದು ಎಂಬುದು ಇಲ್ಲಿಯ ನೀತಿ.

ಸ್ನೇಹದ ನಿಜವಾದ ಪರೀಕ್ಷೆ ಈ ಗಳಿಗೆಯಲ್ಲಿ. ಒಬ್ಬನು ತಂದ ಪಾಚಿ ಮುಗಿದಿರುತ್ತದೆ. ಪಕ್ಕದವನು ತನ್ನ ಬುಟ್ಟಿಯನ್ನು ಮುಂದಕ್ಕೆ ನೂಕುತ್ತಾನೆ. ಇಬ್ಬರೂ ಅದೇ ತರಗತಿಗೆ ಹೂವನ್ನಿಡುತ್ತಿದ್ದಾರೆಂಬುದು ಇಬ್ಬರಿಗೂ ಗೊತ್ತು. ಹೊಸದಾಗಿ ಬಂದವರಿಗೆಂದೇ ಪ್ರತ್ಯೇಕ ತರಗತಿಗಳಿರುತ್ತವೆ. ಅಲ್ಲಿ ಕೈ ನಡುಗುತ್ತ ನಿಂತ ತರುಣನಿಗೆ ನುರಿತ ಸ್ಪರ್ಧಿಯೊಬ್ಬನು ಹೂವಿನ ಕತ್ತನ್ನು ತಿರುಗಿಸುವ ಬಗೆಯನ್ನು ತೋರಿಸಿಕೊಡುವುದು ಸರ್ವಸಾಧಾರಣ ದೃಶ್ಯ. ಇನ್ನು ಐದು ವರ್ಷಗಳಲ್ಲಿ ಆ ತರುಣನು ತನ್ನನ್ನೇ ಸೋಲಿಸಬಹುದೆಂಬುದು ಆ ಹಿರಿಯನಿಗೆ ತಿಳಿಯದೆ? ತಿಳಿದೇ ಕಲಿಸುತ್ತಾನೆ. ಶಿಷ್ಯನಿಂದ ಸೋಲನ್ನು ಬಯಸಬೇಕೆಂದು ನಮ್ಮ ಹಿರಿಯರು ಹೇಳಿದ್ದಾರೆ. ಆ ಮಾತನ್ನು ಹೇಳುವುದು ಸುಲಭ, ಮೇಜಿನ ಬಳಿ ನಿಂತು ನಡೆಸುವುದು ಕಷ್ಟ.

ನೂರು ಪೌಂಡಿನ ಕಥೆಗಳು

ಈ ಸಂಪ್ರದಾಯ ಹುಟ್ಟಿದ ಬಗೆಯೂ ಸ್ವಾರಸ್ಯವಾಗಿದೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಮ್ಯಾಂಚೆಸ್ಟರಿನ ಬಳಿ ಎಡ್ವರ್ಡ್ ಲೀಡ್ಸ್ ಎಂಬಾತನೂ, ಡರಮ್ ಸೀಮೆಯಲ್ಲಿ ವಿಲಿಯಂ ಬ್ಯಾಕ್‌ಹೌಸ್ ಎಂಬ ಬ್ಯಾಂಕರನೂ ತಮ್ಮ ತೋಟಗಳಲ್ಲಿ ಡ್ಯಾಫೊಡಿಲ್ಲಿನ ಹೊಸ ತಳಿಗಳನ್ನು ಎಬ್ಬಿಸುತ್ತಿದ್ದರು. ಆಗ ಈ ಹೂವಿಗೆ ಅಂತಹ ಮನ್ನಣೆಯಿರಲಿಲ್ಲ. ಲೀಡ್ಸನಿಗೆ ವಯಸ್ಸಾಗಿ ಸಂಗ್ರಹವನ್ನು ಮಾರಬೇಕಾಯಿತು. ಒಬ್ಬನೇ ಕೊಳ್ಳುವವನಿಲ್ಲ. ಆಗ ಲಂಡನ್ನಿನ ಗಡ್ಡೆ ವ್ಯಾಪಾರಿ ಪೀಟರ್ ಬಾರ್ ಎಂಬಾತನು ತನ್ನಂತೆಯೇ ಡ್ಯಾಫೊಡಿಲ್ಲಿನ ಹುಚ್ಚು ಹಿಡಿದ ಕೆಲವರನ್ನು ಸೇರಿಸಿ, ಎಲ್ಲರೂ ಕೂಡಿ ಹಣ ಹಾಕಿ, 100 ಪೌಂಡಿಗೆ ಆ ಸಂಗ್ರಹವನ್ನು ಕೊಂಡು ಹಂಚಿಕೊಂಡರು. ನಾಳೆ ಒಬ್ಬರಿಗೊಬ್ಬರು ಎದುರಾಳಿಗಳಾಗಬೇಕಾದವರು ಇಂದು ಪಾಲುದಾರರಾದುದರಿಂದ ಆ ತಳಿಗಳು ಉಳಿದವು. 'ಡ್ಯಾಫೊಡಿಲ್ ರಾಜ'ನೆಂದು ಹೆಸರಾದ ಬಾರ್, ಮರೆತುಹೋದ ಕಾಡುಜಾತಿಗಳನ್ನು ಹುಡುಕಿಕೊಂಡು ಸ್ಪೇನ್ ಪೋರ್ಚುಗಲ್ಲುಗಳ ಬೆಟ್ಟಗಳನ್ನೂ ಹತ್ತಿ ಬಂದನು. 1884ರಲ್ಲಿ ಲಂಡನ್ನಿನಲ್ಲಿ ಮೊದಲನೆಯ ಡ್ಯಾಫೊಡಿಲ್ ಸಮ್ಮೇಳನ ನಡೆಯಿತು. 1898ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ ಸಂಘ ಇಂದು ಡ್ಯಾಫೊಡಿಲ್ ಸೊಸೈಟಿ ಎಂಬ ಹೆಸರಿನಿಂದ ನಡೆಯುತ್ತಿದೆ.

ಎರಡನೆಯ ನೂರು ಪೌಂಡಿನ ಕಥೆ ರೆವರೆಂಡ್ ಜಾರ್ಜ್ ಹರ್ಬರ್ಟ್ ಎಂಗಲ್‌ಹಾರ್ಟ್ ಎಂಬ ಹಳ್ಳಿಯ ಪಾದ್ರಿಯದು. ಅವರು ಎಬ್ಬಿಸಿದ 'ವಿಲ್ ಸ್ಕಾರ್ಲೆಟ್' ಎಂಬ ತಳಿಯ ಬಟ್ಟಲು ಹಿಂದೆಂದೂ ಕಾಣದ ಕೆಂಗಿತ್ತಳೆ ಬಣ್ಣದ್ದಾಗಿತ್ತು. ಶತಮಾನದ ಕೊನೆಯ ವರ್ಷಗಳಲ್ಲಿ ಅದರ ಮೂರೇ ಮೂರು ಗಡ್ಡೆಗಳು 100 ಪೌಂಡಿಗೆ ಮಾರಾಟವಾದವು. ಒಮ್ಮೆ ಲೀಡ್ಸನ ಸಮಸ್ತ ತೋಟದ ಬೆಲೆಯಾಗಿದ್ದುದು ಈಗ ಮೂರು ಗಡ್ಡೆಗಳ ಬೆಲೆ! 1936ರಲ್ಲಿ ತೀರಿಕೊಂಡ ಈ ಪಾದ್ರಿಯ ಹೆಸರಿನಲ್ಲಿ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 1913ರಷ್ಟು ಹಿಂದೆಯೇ ಒಂದು ಪಾರಿತೋಷಕವನ್ನು ಇಟ್ಟಿತು. ಎಂಗಲ್‌ಹಾರ್ಟ್ ಬಟ್ಟಲನ್ನು ಗೆಲ್ಲಬೇಕಾದರೆ ತಾನೇ ಬೀಜದಿಂದ ಎಬ್ಬಿಸಿದ 12 ತಳಿಗಳನ್ನು, ಒಂದೊಂದರ ಒಂದೊಂದು ಹೂವಿನಂತೆ, ಇಡಬೇಕು.

ಈ ಹನ್ನೆರಡರ ಹಿಂದಿರುವ ಕಾಲವನ್ನು ವಾಚಕರು ಲೆಕ್ಕ ಹಾಕಬೇಕು. ಪರಾಗ ಮುಟ್ಟಿಸಿ ಬೀಜ ಬಿತ್ತಿದ ಮೇಲೆ ಮೊದಲನೆಯ ಹೂವನ್ನು ಕಾಣಲು ನಾಲ್ಕರಿಂದ ಆರು ವರ್ಷ ಬೇಕು. ನೂರಾರು ಸಸಿಗಳಲ್ಲಿ ಒಂದೆರಡು ಮಾತ್ರ ಇಟ್ಟುಕೊಳ್ಳಲು ಯೋಗ್ಯ. ಆ ಒಂದು ಗಡ್ಡೆ ಪಕ್ಕದಲ್ಲಿ ಮರಿಹಾಕಿ ಹತ್ತಿಪ್ಪತ್ತಾಗಲು ಮತ್ತೆ ಹಲವು ವರ್ಷ. ಹನ್ನೆರಡು ಹೂಗಳ ಹಿಂದೆ ಮನುಷ್ಯನ ಅರ್ಧ ಆಯುಷ್ಯ ನಿಂತಿರುತ್ತದೆ. ತೀರ್ಪುಗಾರನು ಅದನ್ನು ನೋಡುವುದು ಕೆಲವು ನಿಮಿಷ.

ಒಂದು ದ್ವೀಪದ ಇಬ್ಬರು

ಈ ಬಟ್ಟಲಿಗಾಗಿ ನಡೆದ ಸ್ಪರ್ಧೆಗಳಲ್ಲಿ ಐರ್ಲೆಂಡಿನ ಇಬ್ಬರದು ಪ್ರಸಿದ್ಧವಾದುದು. ಒಬ್ಬರು ಉತ್ತರದ ಆಂಟ್ರಿಮ್ ಸೀಮೆಯ ಬ್ರೋಶೇನ್ ಎಂಬ ಹಳ್ಳಿಯ ಗೈ ವಿಲ್ಸನ್. ಇನ್ನೊಬ್ಬರು ದಕ್ಷಿಣದ ವಾಟರ್‌ಫರ್ಡಿನ ಲಯನೆಲ್ ರಿಚರ್ಡ್‌ಸನ್. 1921ರಲ್ಲಿ ಆ ದ್ವೀಪ ಇಬ್ಭಾಗವಾಯಿತು. ಹಳ್ಳಿಗೂ ಪಟ್ಟಣಕ್ಕೂ ನಡುವೆ ಗಡಿ ಬಂದಿತು. ಡ್ಯಾಫೊಡಿಲ್ಲಿನ ಲೋಕದಲ್ಲಿ ಮಾತ್ರ ಆ ಗಡಿ ಏಳಲಿಲ್ಲ.

ವಿಲ್ಸನ್ನರ ಒಲವು ಬಿಳಿಯ ಹೂವಿನ ಮೇಲೆ. 'ಕ್ಯಾಂಟಾಟ್ರೀಸ್', 'ಚೈನೀಸ್ ವೈಟ್', ಹೆಸರಾಂತ 'ಎಂಪ್ರೆಸ್ ಆಫ್ ಐರ್ಲೆಂಡ್' ಇವೆಲ್ಲ ಅವರ ತೋಟದವು. ತಮ್ಮ ಊರಿನ ಹೆಸರನ್ನೇ ಇಟ್ಟ 'ಬ್ರೋಶೇನ್' ಎಂಬ ಬಿಳಿಯ ತುತ್ತೂರಿಯೂ ಅವರದೇ. ರಿಚರ್ಡ್‌ಸನ್ನರ ಕೈಗುಣ ಕಡುಬಣ್ಣಗಳಲ್ಲಿ, ಸುತ್ತೆಸಳಿನ ಹೂಗಳಲ್ಲಿ. ಬಂಗಾರದ ತುತ್ತೂರಿ 'ಕಿಂಗ್ಸ್‌ಕೋರ್ಟ್', ಹಳದಿಯಲ್ಲಿ ಕಿತ್ತಳೆ ಬಟ್ಟಲಿನ 'ಸಿಲೋನ್', ಸುತ್ತೆಸಳಿನ 'ತಹಿತಿ' ಇವು ಅವರ ಕೊಡುಗೆ. ಒಬ್ಬರು ಚಂದ್ರನ ಕಡೆಯವರು, ಒಬ್ಬರು ಸೂರ್ಯನ ಕಡೆಯವರು ಎನ್ನೋಣ. ಆದರೆ ಬಟ್ಟಲು ಒಂದೇ. ಹನ್ನೆರಡು ಹೂಗಳಲ್ಲಿ ಬಿಳಿಯೂ ಬೇಕು, ಕೆಂಪೂ ಬೇಕು.

ಪ್ರತಿ ವಸಂತದಲ್ಲಿಯೂ ಇಬ್ಬರ ಹೂಗಳೂ ಪೆಟ್ಟಿಗೆಗಳಲ್ಲಿ ಮಲಗಿ, ಸಮುದ್ರವನ್ನು ದಾಟಿ, ರೈಲಿನಲ್ಲಿ ಕುಲುಕಿ, ಲಂಡನ್ನಿನ ವಿನ್ಸೆಂಟ್ ಸ್ಕ್ವೇರಿನಲ್ಲಿದ್ದ ಸೊಸೈಟಿಯ ಸಭಾಂಗಣವನ್ನು ಸೇರಬೇಕಾಗಿತ್ತು. ಬಟ್ಟಲು ಕೆಲವು ವರ್ಷ ಉತ್ತರಕ್ಕೂ ಅನೇಕ ವರ್ಷ ದಕ್ಷಿಣಕ್ಕೂ ಹೋಯಿತು. ಸ್ಕಾಟ್ಲೆಂಡಿನ ಬ್ರೋಡಿ ಕೋಟೆಯ ಒಡೆಯರಾದ ಇಯಾನ್ ಬ್ರೋಡಿಯವರೂ ಆ ಕಾಲದ ದೊಡ್ಡ ಎದುರಾಳಿ. 1943ರಲ್ಲಿ ತೀರಿಕೊಳ್ಳುವವರೆಗೂ ಅವರು ಕೋಟೆಯ ತೋಟದಲ್ಲಿ ಹೊಸ ತಳಿಗಳನ್ನು ಎಬ್ಬಿಸುತ್ತಲೇ ಇದ್ದರು. ಹಳ್ಳಿಯವನು, ವ್ಯಾಪಾರಿ, ಕೋಟೆಯ ಒಡೆಯ, ಪಾದ್ರಿ ಎಲ್ಲರೂ ಒಂದೇ ಮೇಜಿನ ಮುಂದೆ. ಒಬ್ಬನ ತೋಟದಲ್ಲಿ ಹುಟ್ಟಿದುದು ಇನ್ನೊಬ್ಬನ ತೋಟದಲ್ಲಿ ತಾಯಿಯೋ ತಂದೆಯೋ ಆಗುತ್ತಿತ್ತು. ಈ ತಳಿಗಳ ವಂಶವೃಕ್ಷವನ್ನು ತೆರೆದು ನೋಡಿದರೆ ಎದುರಾಳಿಗಳೆಲ್ಲ ಬೀಗರಾಗಿ ಕುಳಿತಿರುತ್ತಾರೆ!

ರಿಚರ್ಡ್‌ಸನ್ 1961ರಲ್ಲಿಯೂ ವಿಲ್ಸನ್ 1962ರಲ್ಲಿಯೂ ತೀರಿಕೊಂಡರು. ಶ್ರೀಮತಿ ರಿಚರ್ಡ್‌ಸನ್ ಪತಿಯ ತೋಟವನ್ನು ಮುಂದುವರಿಸಿ ಲಂಡನ್ನಿಗೆ ಹೂಗಳನ್ನು ತರುತ್ತಲೇ ಹೋದರು. ವಿಲ್ಸನ್ನರ ಹೆಸರಿನ ಡ್ಯಾಫೊಡಿಲ್ ಉದ್ಯಾನವೊಂದು 1974ರಲ್ಲಿ ಕೋಲ್‌ರೇನಿನ ವಿಶ್ವವಿದ್ಯಾನಿಲಯದಲ್ಲಿ ತೆರೆಯಿತು. ಬ್ರೋಡಿ ಕೋಟೆಯಲ್ಲಿಯೂ ಇಂದು ಹಳೆಯ ಡ್ಯಾಫೊಡಿಲ್ಲುಗಳ ಸಂಗ್ರಹವಿದೆ.

ಕೊಡುವುದೇಕೆ?

ಇಷ್ಟೆಲ್ಲ ಶ್ರಮಪಟ್ಟು ಎಬ್ಬಿಸಿದುದನ್ನು ಎದುರಾಳಿಗೆ ಕೊಡುವುದೇಕೆ ಎಂದು ಯಾರಾದರೂ ಕೇಳಬಹುದು. ಔದಾರ್ಯವೊಂದೇ ಕಾರಣವೆಂದರೆ ಅರ್ಧಸತ್ಯವಾದೀತು. ಇದರಲ್ಲಿ ಲೋಕವ್ಯವಹಾರದ ಜಾಣತನವೂ ಇದೆ.

ಮೊದಲನೆಯದಾಗಿ, ಗಡ್ಡೆಗೆ ರೋಗಗಳುಂಟು. ಬುಡ ಕೊಳೆಯುವ ಶಿಲೀಂಧ್ರವಿದೆ; ಎಲೆಗೆ ಹಳದಿ ಗೆರೆ ಎಳೆಯುವ ವೈರಸ್ ಇದೆ; ಗಡ್ಡೆಯೊಳಗೆ ಹುಳುವಾಗಿ ಬೆಳೆಯುವ ನೊಣವಿದೆ; ಎಲ್ಲಕ್ಕಿಂತ ಕ್ರೂರವಾದ, ಕಣ್ಣಿಗೆ ಕಾಣದಷ್ಟು ಸಣ್ಣದಾದ ದಾರಹುಳುವಿದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಈ ದಾರಹುಳು ಬ್ರಿಟನ್ನಿನ ಡ್ಯಾಫೊಡಿಲ್ ಬೆಳೆಯನ್ನೇ ಮುಗಿಸಿಬಿಡುವಂತೆ ತೋರಿತು. ಸೊಸೈಟಿಯ ವಿಸ್ಲಿ ಉದ್ಯಾನದಲ್ಲಿ ಜೇಮ್ಸ್ ರಾಮ್ಸ್‌ಬಾಟಮ್ ಎಂಬ ತರುಣನು ಪರೀಕ್ಷೆಗಳನ್ನು ನಡೆಸಿ, ಗಡ್ಡೆಗಳನ್ನು 110 ಡಿಗ್ರಿ ಫ್ಯಾರನ್‌ಹೀಟ್, ಎಂದರೆ ಸುಮಾರು 43 ಡಿಗ್ರಿ ಸೆಂಟಿಗ್ರೇಡ್ ಬಿಸಿಯ ನೀರಿನಲ್ಲಿ ಮೂರು ಗಂಟೆಗೂ ಮೇಲ್ಪಟ್ಟು ಮುಳುಗಿಸಿಟ್ಟರೆ ಹುಳು ಸಾಯುತ್ತದೆ, ಗಡ್ಡೆ ಬದುಕುತ್ತದೆ ಎಂದು 1917ರಲ್ಲಿ ತೋರಿಸಿಕೊಟ್ಟನು. ಇಂದಿಗೂ ಬಿಸಿನೀರೇ ಮುಖ್ಯ ಉಪಾಯ. ಇಂತಹ ಆಪತ್ತುಗಳಿರುವಾಗ ತನ್ನ ಅಪೂರ್ವ ತಳಿ ತನ್ನ ಒಂದೇ ತೋಟದಲ್ಲಿದ್ದರೆ ಒಂದೇ ಮಳೆಗಾಲಕ್ಕೆ ಅಳಿದುಹೋಗಬಹುದು. ನಾಲ್ವರು ಗೆಳೆಯರ ತೋಟದಲ್ಲಿದ್ದರೆ ಎಲ್ಲೋ ಒಂದು ಕಡೆ ಉಳಿದೇ ಉಳಿಯುತ್ತದೆ. ಕೊಟ್ಟದ್ದು ಮರಳಿ ಬಂದು ಮನೆಯನ್ನು ಉಳಿಸಿದ ಸಂದರ್ಭಗಳು ಈ ಬೆಳೆಗಾರರ ಮಾತಿನಲ್ಲಿ ಮತ್ತೆಮತ್ತೆ ಬರುತ್ತವೆ.

ಎರಡನೆಯದಾಗಿ, ಹೊಸತು ಹುಟ್ಟಬೇಕಾದರೆ ಬೇರೆಯವರ ಹೂವು ಬೇಕು. ತನ್ನ ತೋಟದ ಪರಾಗವನ್ನೇ ತಿರುಗಿಸಿ ತಿರುಗಿಸಿ ಬೆರೆಸಿದರೆ ಬಹುದೂರ ಹೋಗಲಾಗದು. ಆಸ್ಟ್ರೇಲಿಯದ ದಕ್ಷಿಣಕ್ಕಿರುವ ಟಾಸ್ಮೇನಿಯ ದ್ವೀಪದಲ್ಲಿ ಒಬ್ಬನು 'ಬಿಂಕಿ' ಎಂಬ ತಳಿಯನ್ನು ಎಬ್ಬಿಸಿದನು. ಅದರ ಎಸಳು ಹಳದಿಯಾಗಿಯೇ ಉಳಿದು, ಬಟ್ಟಲು ಮಾತ್ರ ದಿನದಿನಕ್ಕೆ ಬೆಳ್ಳಗಾಗುತ್ತಿತ್ತು. ಎಲ್ಲ ಕಡೆಯ ಪದ್ಧತಿಗೆ ಇದು ತಲೆಕೆಳಗು. ಆ 'ಬಿಂಕಿ'ಯ ಪರಾಗದಿಂದ ಅಮೆರಿಕದ ಆರಿಗನ್ ರಾಜ್ಯದ ಗ್ರಾಂಟ್ ಮಿಚ್ ಎಂಬುವರು 1960ರಲ್ಲಿ ಹೆಸರಾದ 'ಡೇಡ್ರೀಮ್' ತಳಿಯನ್ನು ಪಡೆದರು. ಭೂಮಿಯ ದಕ್ಷಿಣಾರ್ಧದಲ್ಲಿ ವಸಂತ ಬರುವುದು ಸೆಪ್ಟೆಂಬರಿನಲ್ಲಿ. ಅಲ್ಲಿಯ ಗೆಳೆಯನು ಒಣಗಿಸಿದ ಪರಾಗವನ್ನು ಸಣ್ಣ ಗುಳಿಗೆಯಲ್ಲಿ ತುಂಬಿ ಅಂಚೆಯಲ್ಲಿ ಕಳುಹಿಸಿದರೆ ಇಲ್ಲಿಯವನು ಅದನ್ನು ತಂಪಿನಲ್ಲಿ ಕಾಪಾಡಿಟ್ಟು ಏಪ್ರಿಲ್ಲಿನಲ್ಲಿ ಬಳಸುತ್ತಾನೆ. ಪ್ರೇಮಪತ್ರಗಳನ್ನು ಹೊತ್ತ ಅಂಚೆಯವನ ಚೀಲದಲ್ಲಿ ಹೂಗಳ ಮದುವೆಯ ಮಾತುಕತೆಯೂ ನಡೆಯುವುದು ಎಂತಹ ಸೊಗಸು!

ಮೂರನೆಯ ಕಾರಣ ಇವೆರಡಕ್ಕಿಂತ ಆಳವಾದುದು. ಎದುರಾಳಿ ದುರ್ಬಲನಾದರೆ ಗೆಲುವಿಗೆ ಬೆಲೆಯಿಲ್ಲ. ಪಕ್ಕದಲ್ಲಿ ಇನ್ನೊಂದು ಒಳ್ಳೆಯ ಹೂವು ಇಲ್ಲದ ಮೇಜಿನ ಮೇಲೆ ತನ್ನ ಹೂವು ಎಷ್ಟು ಒಳ್ಳೆಯದೆಂದು ಯಾರಿಗೂ, ತನಗೂ ಕೂಡ, ತಿಳಿಯದು. ಮನೆಯಂಗಳದಲ್ಲಿ ಅದ್ವಿತೀಯವೆನಿಸಿದ ಹೂವು ಸಭಾಂಗಣದಲ್ಲಿ ನಾಲ್ಕನೆಯದಾಗುವುದುಂಟು. ಆಗ ಆಗುವ ನೋವು ನಿಜವಾದುದು. ಈ ಜನರೆಲ್ಲ ಋಷಿಗಳೆಂದು ಯಾರೂ ಭಾವಿಸಬಾರದು. ತೀರ್ಪುಗಾರನ ಕಣ್ಣಿನ ಬಗೆಗೆ ಗೊಣಗುವವರಿದ್ದಾರೆ. ಚಹದ ಬಟ್ಟಲಿನ ಮೇಲೆ ಮುಖ ಊದಿಸಿಕೊಂಡು ಕುಳಿತುಕೊಳ್ಳುವವರಿದ್ದಾರೆ. ಆದರೆ ಬಾಗಿಲು ತೆರೆದ ಮೇಲೆ ಸೋತವನ ಕಾಲು ತಾನಾಗಿಯೇ ಗೆದ್ದ ಹೂವಿನ ಕಡೆಗೆ ಹೋಗುತ್ತದೆ. ಅವನು ಮೊದಲು ಅದರಲ್ಲಿ ದೋಷವನ್ನು ಹುಡುಕುತ್ತಾನೆ, ಕಾಣದಿದ್ದರೆ ಹೆಸರನ್ನು ಬರೆದುಕೊಳ್ಳುತ್ತಾನೆ, ಕಡೆಗೆ ಗೆದ್ದವನ ಬಳಿಗೆ ಹೋಗಿ ಒಂದು ಗಡ್ಡೆ ಸಿಕ್ಕೀತೆ ಎಂದು ಕೇಳುತ್ತಾನೆ. ಹಾಗೆ ಕೇಳುವ ಹೊತ್ತಿಗೆ ಅವನ ಅಸೂಯೆ ಮುಕ್ಕಾಲುಪಾಲು ಇಳಿದಿರುತ್ತದೆ. ಉಳಿದ ಕಾಲುಪಾಲು ಮುಂದಿನ ವರ್ಷದ ತೋಟದ ಕೆಲಸಕ್ಕೆ ಗೊಬ್ಬರ.

ನಮ್ಮ ಅಂಗಳದಲ್ಲಿ

ನಮ್ಮ ಸೀಮೆಯ ಬೆಚ್ಚನೆಯ ನೆಲದಲ್ಲಿ ಡ್ಯಾಫೊಡಿಲ್ ಒಗ್ಗದು. ಅದಕ್ಕೆ ಚಳಿಗಾಲದ ನಿದ್ರೆ ಬೇಕು. ಅದರ ದಾಯಾದಿಯಾದ, ಗೊಂಚಲಾಗಿ ಅರಳುವ ಸುವಾಸನೆಯ ನರ್ಗಿಸ್ ಕಾಶ್ಮೀರದಲ್ಲಿಯೂ ಹಿಮಾಲಯದ ತಪ್ಪಲಿನಲ್ಲಿಯೂ ಬೆಳೆಯುತ್ತದೆ; ಉರ್ದು ಕವಿಗಳು ಅದನ್ನು ಪ್ರಿಯೆಯ ಕಣ್ಣಿಗೆ ಹೋಲಿಸುತ್ತ ಬಂದಿದ್ದಾರೆ. ಹೂವು ಇಲ್ಲದಿದ್ದರೇನು? ಹೂವಿನ ಪ್ರದರ್ಶನ ನಮಗೆ ಹೊಸದಲ್ಲ. ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಜನವರಿ, ಆಗಸ್ಟ್ ತಿಂಗಳುಗಳಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಕ್ಕೆ ಮಕ್ಕಳ ಕೈಹಿಡಿದು ಹೋಗದ ಕುಟುಂಬ ನಗರದಲ್ಲಿ ಕಡಿಮೆ. ಮೈಸೂರಿನ ದಸರಾ ಎಂದರೆ ಫಲಪುಷ್ಪ ಪ್ರದರ್ಶನವೂ ಸೇರಿಯೇ. ಆದರೆ ಅಲ್ಲಿ ನಾವು ಹೆಚ್ಚಾಗಿ ಪ್ರೇಕ್ಷಕರು. ಹೂವುಗಳಿಂದ ಕಟ್ಟಿದ ಗೋಪುರ ಗುಡಿಗಳನ್ನು ನೋಡಿ ಬೆರಗಾಗಿ ಮನೆಗೆ ಬರುತ್ತೇವೆ.

ಕೊಡುವ ಪದ್ಧತಿಯಾದರೋ ನಮ್ಮ ಬೀದಿಗಳಲ್ಲಿ ಬೇಕಾದಷ್ಟಿದೆ. ಪಕ್ಕದ ಮನೆಯಿಂದ ಮಲ್ಲಿಗೆಯ ಬಳ್ಳಿ, ಎದುರು ಮನೆಯಿಂದ ದಾಸವಾಳದ ಕಡ್ಡಿ, ತವರಿನಿಂದ ಸುಗಂಧರಾಜದ ಗಡ್ಡೆ ತಂದು ನೆಡದ ಗೃಹಿಣಿಯುಂಟೆ? ಕೊಟ್ಟ ಬಳ್ಳಿ ಪಡೆದವರ ಅಂಗಳದಲ್ಲಿ ಹೆಚ್ಚು ಹೂ ಬಿಟ್ಟಾಗ ಕೊಟ್ಟವರ ಮುಖದಲ್ಲಿ ಅರೆಗಳಿಗೆ ಮೂಡುವ ಆ ಸಣ್ಣ ನೆರಳನ್ನೂ ನಾವು ಬಲ್ಲೆವು. ಡ್ಯಾಫೊಡಿಲ್ ಬೆಳೆಸುವವರು ಮಾಡಿರುವುದು ಇಷ್ಟೆ: ಆ ನೆರಳನ್ನು ಮನಸ್ಸಿನೊಳಗೆ ಮುಚ್ಚಿಡದೆ ಮೇಜಿನ ಮೇಲೆ ಇಟ್ಟು, ಅದಕ್ಕೆ ನಿಯಮಗಳನ್ನು ಬರೆದು, ಎಲ್ಲರೂ ಒಪ್ಪಿದ ಒಬ್ಬನಿಂದ ತೀರ್ಪು ಹೇಳಿಸಿ, ಸಂಜೆಯಾದ ಮೇಲೆ ಒಟ್ಟಿಗೆ ಚಹ ಕುಡಿಯುತ್ತಾರೆ. ಮಕ್ಕಳ ಪರೀಕ್ಷೆಯ ಅಂಕಗಳನ್ನು ಹಿಡಿದು ನೆರೆಹೊರೆಯವರು ಮಾತು ಬಿಡುವ ಈ ಕಾಲದಲ್ಲಿ ಅವರ ಕ್ರಮ ಯೋಚನೆಗೆ ಯೋಗ್ಯವಾದುದು. ಎದುರಿನವನು ಕುಗ್ಗಲೆಂದು ಹಾರೈಸುವ ಸ್ಪರ್ಧೆ ಒಂದು. ಎದುರಿನವನಿಗೆ ತನ್ನ ಒಳ್ಳೆಯ ಗಡ್ಡೆಯನ್ನೇ ಕೊಟ್ಟು ಈಗ ಬಾ ಎನ್ನುವ ಸ್ಪರ್ಧೆ ಇನ್ನೊಂದು. ಎರಡಕ್ಕೂ ಭಾಷೆಯಲ್ಲಿ ಒಂದೇ ಶಬ್ದವಿರುವುದು ನಮ್ಮ ದುರ್ದೈವ.

ಪ್ರದರ್ಶನ ಮುಗಿದ ಎರಡು ದಿನಕ್ಕೆ ಗೆದ್ದ ಹೂವೂ ಸೋತ ಹೂವೂ ಒಂದೇ ಬಗೆಯಲ್ಲಿ ಬಾಡುತ್ತವೆ. ಎಲೆಗಳು ಮಾತ್ರ ಇನ್ನೂ ಕೆಲವು ವಾರ ಹಸುರಾಗಿದ್ದು ಗಡ್ಡೆಗೆ ಮುಂದಿನ ವರ್ಷದ ಬುತ್ತಿಯನ್ನು ಕಟ್ಟಿಕೊಡುತ್ತವೆ. ಬೇಸಗೆಯಲ್ಲಿ ಅವು ಹಳದಿಯಾಗಿ ಒರಗಿದಾಗ ಗಡ್ಡೆಗಳನ್ನು ಅಗೆದು, ಒಣಗಿಸಿ, ಮರಿಗಳನ್ನು ಬೇರ್ಪಡಿಸುತ್ತಾರೆ. ತನಗೆ ಬೇಕಾದಷ್ಟನ್ನು ಎತ್ತಿಟ್ಟುಕೊಂಡ ಮೇಲೆ ಉಳಿದವು ಸಣ್ಣ ಸಣ್ಣ ಚೀಲಗಳಿಗೆ ಹೋಗುತ್ತವೆ. ಪ್ರತಿ ಚೀಲದ ಮೇಲೂ ತಳಿಯ ಹೆಸರು, ಕೆಳಗೆ ಗೆಳೆಯನ ಹೆಸರು. ಸೆಪ್ಟೆಂಬರಿನಲ್ಲಿ ಅವು ಎರಡು ತೋಟಗಳಲ್ಲಿ ಮಣ್ಣಿಗೆ ಇಳಿಯುತ್ತವೆ. ಏಪ್ರಿಲ್ಲಿನಲ್ಲಿ ಒಂದೇ ಮೇಜಿನ ಮೇಲೆ ಮತ್ತೆ ಎದುರುಬದುರಾಗುತ್ತವೆ.